ಎದುರಿಗಿಲ್ಲದವರನ್ನು ಕರೆಯುವ ಪಾಠ

ಶಿರಸಿಯಲ್ಲಿ ಆ ಕಾಲಕ್ಕೆ ಹೈಸ್ಕೂಲು ಓದಿದವರನ್ನು ಗುರುತು ಹಿಡಿಯಲು ನನ್ನ ಹತ್ತಿರ ಒಂದು ಉಪಾಯವಿದೆ. ಈಗ ಅವರೆಲ್ಲ ಹೊಟ್ಟೆ ಬಂದು ತಲೆ ನೆರೆತ ಗೃಹಸ್ಥರು. ಮದುವೆಮನೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಸಿಕ್ಕಿದರೆ ಮನೆ ಕಡೆಯ ಕುಶಲ ವಿಚಾರಿಸಿ, ಅವರು ಎಲೆಯಡಿಕೆ ಕವಳ ಹಾಕಿಕೊಂಡು ಬಾಯಿ ತುಂಬಿಸಿಕೊಂಡ ಹೊತ್ತಿಗೇ ಸರಿಯಾಗಿ "ಇಂಗ್ಲಿಷಿನಲ್ಲಿ ಅಪಾಸ್ಟ್ರಫಿ ಅಂತ ಒಂದು ಅಲಂಕಾರ ಇತ್ತಲ್ಲ, ಏನಪ್ಪ ಅದು?" ಎಂದು ಕೇಳುತ್ತೇನೆ. ಬೇರೆ ಊರಲ್ಲಿ ಓದಿದವನಾದರೆ "ಎದುರಿಗಿಲ್ಲದವರನ್ನು, ಇಲ್ಲವೆ ಸತ್ತವರನ್ನು, ಎದುರಿಗೇ ಇದ್ದಾರೆ ಎಂಬಂತೆ ಕರೆದು ಮಾತಾಡಿಸುವುದು" ಎನ್ನುತ್ತಾನೆ. ನಮ್ಮ ಶಾಲೆಯವನು "ಎದುರಿಗಿಲ್ಲದವರನ್ನು" ಎಂದು ಶುರುಮಾಡಿ, ಸತ್ತವರನ್ನು ಹಾರಿಸಿ, ನೇರ ಕೊನೆ ಮುಟ್ಟುತ್ತಾನೆ. ಅವನ ತಪ್ಪಲ್ಲ ಅದು. ಅವನಿಗೆ ಹಾಗೆಯೇ ಕಲಿಸಲಾಗಿತ್ತು.

ಕಲಿಸಿದವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಗುರುತು ಹಿಡಿಯುವವರು ಶಿರಸಿಯಲ್ಲಿ ಇನ್ನೂ ಇದ್ದಾರೆ. ಶಾಲೆಗೆ ಶಾಲೆಯೇ ಅವರನ್ನು ಇಂಗ್ಲಿಷ್ ಸರ್ ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತೇನೆ. ನಾನು ಲೆಕ್ಕದ ಮಾಸ್ತರನಾಗಿ ಆ ಶಾಲೆ ಸೇರಿದ್ದು ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದ ಹೊಸತರಲ್ಲಿ. ನಾನು ಬನವಾಸಿ ಕಡೆಯ ಲಿಂಗವಂತರ ಪೈಕಿ. ನಮ್ಮ ಮಾತು ಸ್ವಲ್ಪ ಗಡುಸು. ಮೊದಲ ದಿನ ಮಾಸ್ತರುಗಳ ಕೋಣೆಯಲ್ಲಿ ನಿಂತು "ನಾ ಎಲ್ಲಿ ಕೂಡ್ಲಿರಿ ಸರ?" ಎಂದು ಕೇಳಿದೆ. ಕಪ್ಪು ಟೊಪ್ಪಿ ಹಾಕಿಕೊಂಡ ತೆಳ್ಳಗಿನ ಒಬ್ಬರು ಪುಸ್ತಕದಿಂದ ತಲೆಯೆತ್ತಿ, "ಕೂಡೋದು ಕಳೆಯೋದು ಕ್ಲಾಸಿನಲ್ಲಿ ಮಾಡಿ ಮಾಸ್ತರೇ, ಇಲ್ಲಿ ಕೂತ್ಕೊಳ್ಳಿ" ಎಂದು ತಮ್ಮ ಪಕ್ಕದ ಕುರ್ಚಿ ಎಳೆದುಕೊಟ್ಟರು. ಅವರೇ ಇಂಗ್ಲಿಷ್ ಸರ್. ಆ ಕುರ್ಚಿಯನ್ನು ನಾನು ಮುಂದೆ ಬಿಡಲೇ ಇಲ್ಲ.

ಅವರು ಪಾಠ ಮಾಡುವುದನ್ನು ನಾನು ಪಕ್ಕದ ಕ್ಲಾಸಿನಿಂದ ಕೇಳುತ್ತಿದ್ದೆ. ನಡುವೆ ಇದ್ದದ್ದು ಬರೀ ತಟ್ಟಿಯ ಗೋಡೆ. ನನ್ನ ಹುಡುಗರು ಬೀಜಗಣಿತ ಬಿಟ್ಟು ಆ ಕಡೆಗೇ ಕಿವಿ ಇಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನಾನೂ ಇಡುತ್ತಿದ್ದೆ. ಬೇರೆಲ್ಲರಂತೆ ವ್ಯಾಖ್ಯೆ ಬರೆಸಿ ಬಾಯಿಪಾಠ ಮಾಡಿಸುವ ಪೈಕಿ ಅವರಲ್ಲ.

"ಹುಬ್ಬಳ್ಳಿ ಬಸ್ಸಿನಲ್ಲಿ ಬರುವಾಗ ಕಂಡಕ್ಟರ್ ಎಂತ ಕೂಗ್ತಾನೆ?" ಎಂದು ಕೇಳುತ್ತಿದ್ದರು.

"ಎಕ್ಕಂಬಿ ಬಂತು, ಇಳೀರಿ ಅಂತಾನೆ ಸರ್."

"ಎಕ್ಕಂಬಿ ಬಂತಾ? ಎಲ್ಲಿಂದ ಬಂತು? ನಡ್ಕೊಂಡು ಬಂತೋ, ಎತ್ತಿನ ಗಾಡಿಯಲ್ಲಿ ಬಂತೋ?"

ಹುಡುಗರಿಗೆ ನಗೆ. ನಗು ಇಳಿಯುವವರೆಗೆ ಸುಮ್ಮನಿದ್ದು ಆಮೇಲೆ ಹೇಳುತ್ತಿದ್ದರು: "ಕಂಡಕ್ಟರ್ ಸುಳ್ಳು ಹೇಳಿದ್ನಾ? ಇಲ್ಲ. ನಿಜ ಹೇಳಿದ್ನಾ? ಅದೂ ಇಲ್ಲ. ನಿಜವೂ ಅಲ್ಲ, ಸುಳ್ಳೂ ಅಲ್ಲ, ಆದರೆ ಇಳಿಯುವವ ಸರಿಯಾದ ಜಾಗದಲ್ಲೇ ಇಳಿದ. ಇಂಥ ಮಾತಿಗೆ ಇಂಗ್ಲಿಷಿನವರು ಫಿಗರ್ ಆಫ್ ಸ್ಪೀಚ್ ಅಂತಾರೆ. ನಮ್ಮ ಅಜ್ಜಿಯಂದಿರು ಹೆಸರಿಡದೇ ದಿನಾ ಆಡ್ತಾರೆ."

'ಹೀ ಬ್ರೋಕ್ ಹಿಸ್ ವರ್ಡ್' ಎನ್ನುವುದನ್ನು ಹೇಳಿಕೊಟ್ಟ ರೀತಿ ನನಗೆ ಇವತ್ತಿಗೂ ಮರೆತಿಲ್ಲ. "ನಮ್ಮಲ್ಲಿ ಮಾತು ತಪ್ಪುತ್ತದೆ, ಅವರಲ್ಲಿ ಮುರಿಯುತ್ತದೆ. ದಾರಿ ತಪ್ಪಿದ ದನ ಸಂಜೆಗೆ ಮನೆಗೆ ಬಂದೀತು. ಮುರಿದ ಕೊಡಪಾನ ಬಾವಿಯಿಂದ ನೀರು ತಂದೀತಾ? ಆ ಜನ ನಮಗಿಂತ ಕಠಿಣ." ಒಬ್ಬ ಹುಡುಗ 'ಹೀ ಹ್ಯಾಸ್ ಎ ಹಾರ್ಟ್ ಆಫ್ ಸ್ಟೋನ್' ಎನ್ನುವುದಕ್ಕೆ 'ಅವನಿಗೆ ಎದೆಯಲ್ಲಿ ಕಲ್ಲಾಗಿದೆ, ಹುಬ್ಬಳ್ಳಿಗೆ ಒಯ್ಯಬೇಕು' ಎಂದು ಅರ್ಥ ಬರೆದಿದ್ದ. ಸರ್ ಅದನ್ನು ಕೋಣೆಯಲ್ಲಿ ನಮಗೆಲ್ಲ ಓದಿ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅರ್ಧ ಮಾರ್ಕು ಕೊಟ್ಟರು. ಯಾಕೆ ಸರ ಎಂದರೆ, "ಅರ್ಥ ತಪ್ಪು. ಆದರೆ ಆಸ್ಪತ್ರೆಗೆ ಒಯ್ಯಬೇಕು ಅಂತ ಬರೆದನಲ್ಲ, ಆ ಮರುಕಕ್ಕೆ ಇರಲಿ" ಎಂದರು.

ಇಷ್ಟೆಲ್ಲ ನಗಿಸುವ ಮನುಷ್ಯನಲ್ಲಿ ಒಂದು ವಿಚಿತ್ರ ಚಾಳಿಯಿತ್ತು. ನೀರು ಕುಡಿಯಲು ಲೋಟ ಎತ್ತಿದರೆ ತುಟಿಯ ಹತ್ತಿರ ತಂದು ನಿಲ್ಲಿಸುತ್ತಿದ್ದರು. ಬಾಗಿಲ ಕಡೆ ನೋಡುತ್ತಿದ್ದರು. ಯಾರೋ ಒಳಗೆ ಬರಲು ಅಪ್ಪಣೆ ಕೇಳಿ ನಿಂತಿದ್ದಾರೆ, ಇವರು ಕೊಡಲೋ ಬೇಡವೋ ಎಂದು ಯೋಚಿಸುತ್ತಿದ್ದಾರೆ, ಹಾಗೆ. ಆಮೇಲೆ ಗಟಗಟ ಕುಡಿದು, ಕಳ್ಳತನ ಮಾಡಿದವರಂತೆ ಲೋಟ ಕೆಳಗಿಡುತ್ತಿದ್ದರು. ಹುಡುಗರು ಗ್ಯಾದರಿಂಗಿನಲ್ಲಿ ಮಾಸ್ತರುಗಳ ಅಣಕ ಮಾಡುವಾಗ ಈ ಚಾಳಿಯನ್ನೂ ಮಾಡಿದರು. ಎಲ್ಲರೂ ನಕ್ಕರು. ಸರ್ ಮುಖ ಬಿಳಚಿಕೊಂಡು ಎದ್ದು ಹೊರಗೆ ಹೋದರು. ಅಣಕಕ್ಕೆ ಸಿಟ್ಟಾಗುವ ಜಾತಿಯವರಲ್ಲವಲ್ಲ ಎಂದು ನನಗೆ ಸೋಜಿಗವಾಯಿತು.

ಇನ್ನೊಂದು ಸೋಜಿಗ ಅಪಾಸ್ಟ್ರಫಿಯದು. ಒಮ್ಮೆ ಇನ್ಸ್‌ಪೆಕ್ಟರ್ ಸಾಹೇಬರು ಶಾಲೆ ತಪಾಸಣೆಗೆ ಬಂದವರು ಇವರ ಕ್ಲಾಸಿಗೆ ಹೋಗಿ ಕೂತರು. ಒಬ್ಬ ಹುಡುಗಿಯನ್ನು ಎಬ್ಬಿಸಿ ವ್ಯಾಖ್ಯೆ ಕೇಳಿದರು. ಅವಳು ಹೇಳಿದಳು. ಸಾಹೇಬರು "ಆರ್ ದಿ ಡೆಡ್" ಎಂದು ಸೇರಿಸಿದರು. ಹುಡುಗಿ ಸುಮ್ಮನೆ ನಿಂತಳು. ಇನ್ನೊಬ್ಬನನ್ನು ಎಬ್ಬಿಸಿದರು, ಅವನೂ ಅದೇ. ಇಡೀ ಕ್ಲಾಸಿಗೆ ಸತ್ತವರೇ ಗೊತ್ತಿಲ್ಲ! ಸಾಹೇಬರು ಸರ್ ಕಡೆ ತಿರುಗಿದರು. ತಟ್ಟಿಯ ಈಚೆ ನಾವೆಲ್ಲ ಉಸಿರು ಹಿಡಿದು ಕೂತಿದ್ದೆವು.

"ಪುಸ್ತಕದಲ್ಲಿ ಇದೆ ಸಾಹೇಬರೇ," ಸರ್ ಹೇಳಿದ್ದು ಸ್ಪಷ್ಟ ಕೇಳಿಸಿತು. "ಪುಸ್ತಕದವರು ಎದುರಿಗಿಲ್ಲದವರನ್ನೂ ಸತ್ತವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾರೆ. ನನ್ನ ಕ್ಲಾಸಿನಲ್ಲಿ ನಾನು ಕೂರಿಸುವುದಿಲ್ಲ."

ಸಾಹೇಬರು ಏನು ಬರೆದುಕೊಂಡು ಹೋದರೋ ಶಿವನೇ ಬಲ್ಲ. ಹೆಡ್‌ಮಾಸ್ತರು ಮಾತ್ರ ಅವತ್ತು ಸಂಜೆಯವರೆಗೆ ಕುರ್ಚಿಯ ತುದಿಯಲ್ಲೇ ಕೂತಿದ್ದರು. ನಾನು ಮರುದಿನ "ಸರ, ಒಂದು ಶಬ್ದ ಸೇರಿಸಿದ್ರ ಗಂಟು ಏನು ಹೋಗ್ತಿತ್ರಿ?" ಎಂದು ಕೇಳಿದೆ. ಅವರು ಪುಸ್ತಕದ ಪುಟ ಮಗುಚಿದರು.

ಶಾಲೆಯ ಹಿಂದಿನ ಓಣಿಯಲ್ಲಿ ಅವರ ಬಾಡಿಗೆ ಮನೆ, ಅದರ ಮಗ್ಗುಲಿಗೇ ನನ್ನ ಕೋಣೆ. ಮನೆಯಲ್ಲಿ ಮೂರು ಜನ. ಸರ್ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಅಡುಗೆ ಪೂಜೆ ನೋಡಿಕೊಳ್ಳುತ್ತಿದ್ದವರು ಅವರ ಅಕ್ಕ. ಎಳವೆಯಲ್ಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ಜೀವ ಸವೆಸಿದ ಮುದುಕಿ. ಇನ್ನೊಬ್ಬಳು ಸೊಸೆ. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ, ಕೈಯಲ್ಲಿ ಯಾವಾಗಲೂ ಒಂದು ಪುಸ್ತಕ. ಮಾವನೇ ಮನೆಯಲ್ಲಿ ಕೂರಿಸಿ ಕಲಿಸಿ ಮ್ಯಾಟ್ರಿಕ್ ಪಾಸು ಮಾಡಿಸಿದ್ದರು. ಆಗ ಮಾಸ್ತರಿಕೆಯ ಟ್ರೇನಿಂಗಿಗೆ ತಯಾರಿ ನಡೆದಿತ್ತು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ಇಂಗ್ಲಿಷ್ ಕ್ರಿಯಾಪದ ಒಪ್ಪಿಸುವ ಸೊಸೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮಗ? ಮಗ ಕಾಣೆಯಾಗಿದ್ದ. ಮದುವೆಯಾಗಿ ವರ್ಷ ತುಂಬುವುದರೊಳಗೆ, ಇನ್ನೂ ಯುದ್ಧ ನಡೆದಿದ್ದ ಕಾಲದಲ್ಲಿ, ನೌಕರಿ ಹುಡುಕಲು ಮುಂಬಯಿಗೆ ಹೋದವನ ಸುದ್ದಿ ನಿಂತುಹೋಯಿತಂತೆ. ಸರ್ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದರಂತೆ. ಆಗ ಸೊಸೆಗೆ ಹದಿನಾಲ್ಕು. ಓಣಿಯವರೆಲ್ಲ ನನಗೆ ಹೇಳಿದ ಕಥೆ ಇಷ್ಟು. "ಪಾಪ, ಇನ್ನೂ ಬತ್ತ ಹೇಳಿ ಕಾಯ್ತ" ಎಂದು, ಹೋದವನು ಬಂದೇ ಬರುತ್ತಾನೆ ಎನ್ನುವ ಅವರ ನಂಬಿಕೆಗೆ, ಹೆಂಗಸರು ಲೊಚಗುಟ್ಟುತ್ತಿದ್ದರು. ಬಾಗಿಲು ನೋಡುವ ಚಾಳಿ ನನಗೆ ಆಗ ಅರ್ಥವಾಯಿತು ಅಂದುಕೊಂಡೆ. ಮಗನ ದಾರಿ ಕಾಯುವ ತಂದೆ, ಸತ್ತವರ ಸುದ್ದಿ ಎತ್ತಲು ಮನಸ್ಸಾಗದವರು. ಅರ್ಥವಾಗಿದ್ದು ತಪ್ಪು ಎಂದು ಗೊತ್ತಾಗಲು ಇನ್ನೂ ಕಾಲವಿತ್ತು.

ಒಂದು ರವಿವಾರ ಭೈರುಂಬೆ ಕಡೆಯ ಹಳ್ಳಿಯಿಂದ ಸರ್ ಅಣ್ಣ ಬಂದರು. ಜಗುಲಿಯಲ್ಲಿ ಕೂತು ಆಡಿದ ಮಾತು ನನ್ನ ಕಿಟಕಿಗೆ ನೇರ ಬೀಳುತ್ತಿತ್ತು. ಅವರ ಧರ್ಮದಲ್ಲಿ ಒಂದು ಪದ್ಧತಿ ಇದೆಯಂತೆ. ಮನೆ ಬಿಟ್ಟು ಹೋದವನು ಹನ್ನೆರಡು ವರ್ಷ ಬರದಿದ್ದರೆ ಮುತ್ತುಗದ ಎಲೆಯಿಂದ ಒಬ್ಬ ಮನುಷ್ಯನ ಆಕಾರ ಕಟ್ಟಿ, ಅದನ್ನೇ ಅವನ ಹೆಣವೆಂದು ಸುಟ್ಟು, ಹದಿಮೂರು ದಿನದ ಕ್ರಿಯೆ ಪೂರೈಸಬೇಕು. ಆಗಲೇ ಅವನಿಗೆ ಗತಿ. ಅಲ್ಲಿಯವರೆಗೆ ಅವನು ಹಸಿವು ಬಾಯಾರಿಕೆಯಲ್ಲಿ ಅಲೆಯುವ ಪ್ರೇತ.

"ಹನ್ನೆರಡು ವರ್ಷ ಆಗಿ ಹೋತಲಾ," ಅಣ್ಣ ಹೇಳುತ್ತಿದ್ದರು. "ಮನೆಯಲ್ಲಿ ಒಂದೂ ಸರಿ ಇಲ್ಲೆ. ನಮ್ಮನೆ ದೊಡ್ಡ ಸೊಸೆಗೆ ಮಕ್ಕ ನಿಲ್ತಿಲ್ಲೆ. ಪ್ರಶ್ನೆ ಕೇಳ್ಸಿದ್ರೆ ನಮ್ಮದೇ ಪ್ರಾಣಿ ಒಂದು ನೀರು ಬೇಡ್ತಾ ಇದ್ದು ಹೇಳಿ ಬಂತು. ಎಲೆ ತರ್ಸಲಾ?"

"ಅಂವ ಬತ್ತ, ಅಣ್ಣಯ್ಯಾ," ಎಂದರು ಸರ್.

"ಬಪ್ಪವ ಆಗಿದ್ರೆ ಇಷ್ಟೊತ್ತಿಗೆ ಬತ್ತಿದ್ದ! ನಿಂಗೆ ಪಿಶಾಚಿ ಹಿಡದ್ದು."

ಅಷ್ಟರಲ್ಲಿ ಒಳಗಿನಿಂದ ಅಕ್ಕನ ದನಿ ಬಂತು. ಆ ಮುದುಕಿ ಗಂಡಸರ ಮಾತಿನ ನಡುವೆ ಬಾಯಿ ಹಾಕಿದ್ದನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. "ಯಾರ ಕೈ ಬಳೆ ಒಡಿಯಲೆ ಇಷ್ಟು ಅವಸರ ನಿಂಗೆ? ಅಂವ ಬತ್ತ ಹೇಳಿ ಅಂವನ ಅಪ್ಪನೇ ಹೇಳ್ತ. ಈ ಮನೆಗೆ ಕೆಂಪು ಸೀರೆ ಒಂದು ಸಾಕು."

ಅಣ್ಣ ಊಟ ಮಾಡದೇ ಎದ್ದು ಹೋದರು. ಸೊಸೆ ಹಿತ್ತಲ ಬಾವಿಕಟ್ಟೆಯ ಹತ್ತಿರ ನಿಂತಿದ್ದಳು. ಕೈಯಲ್ಲಿ ಪುಸ್ತಕವಿತ್ತು, ಓದುತ್ತಿರಲಿಲ್ಲ.

ಆ ವರ್ಷ ಪರೀಕ್ಷೆಯ ಮೇಲ್ವಿಚಾರಣೆಗೆಂದು ನಮ್ಮಿಬ್ಬರನ್ನು ಸಿದ್ದಾಪುರಕ್ಕೆ ಹಾಕಿದರು. ವಾಪಸು ಬರುವಾಗ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಕ್ಲೀನರನು ಯಾವುದೋ ಸಾಮಾನು ತರಲು ಸಿಕ್ಕಿದ ಲಾರಿ ಹತ್ತಿ ಹೋದ. ಉಳಿದವರು ಮರದಡಿಯಲ್ಲಿ ಮಲಗಿದರು. ನಾವಿಬ್ಬರು ಸ್ವಲ್ಪ ದೂರ ನಡೆದು ಒಂದು ಮೋರಿಯ ಕಟ್ಟೆಯ ಮೇಲೆ ಕೂತೆವು. ಮಟಮಟ ಮಧ್ಯಾಹ್ನ, ಬೇಸಿಗೆ. ನನ್ನ ತಂಬಿಗೆಯ ನೀರನ್ನು ಅವರಿಗೆ ಕೊಟ್ಟೆ. ಎತ್ತಿದರು, ನಿಲ್ಲಿಸಿದರು. ಅಲ್ಲಿ ಬಾಗಿಲು ಎಲ್ಲಿಂದ ಬರಬೇಕು? ರಸ್ತೆಯ ಆಚೆ ಬದಿಯನ್ನು ನೋಡಿದರು. ಕುಡಿಯದೇ ಕೆಳಗಿಟ್ಟರು.

"ನಿಮ್ಮಲ್ಲಿ ಸತ್ತವರಿಗೆ ಎಂತ ಮಾಡ್ತೀರಿ ಮಾಸ್ತರೇ?"

"ಮಣ್ಣು ಕೊಡ್ತೀವ್ರಿ ಸರ. ಜಂಗಮರು ಬಂದು ಪಾದ ಇಡ್ತಾರ. ಶಿವನ ಪಾದ ಸೇರಿದ್ರು ಅಂದ್ರ ಮುಗೀತು, ನಮ್ಮಲ್ಲಿ ಪ್ರೇತ ಗೀತ ಇಲ್ರಿ."

"ಪುಣ್ಯವಂತರು," ಎಂದರು. ಆಮೇಲೆ ಕ್ಲಾಸಿನಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದರು. "ನನ್ನ ಮಗ ಕಾಣೆಯಾಗಲಿಲ್ಲ. ಮುಂಬಯಿಯಲ್ಲಿ ವಿಷಮಜ್ವರ ಬಂದು ಸತ್ತ. ನಾನು ಹೋಗುವಾಗ ಇನ್ನೂ ಉಸಿರಿತ್ತು. ನೀರು ನೀರು ಅಂದ. ಕೊಡಬೇಡಿ ಅಂದಿದ್ದರು ಡಾಕ್ಟರು. ನಾನು ಡಾಕ್ಟರ ಮಾತು ಕೇಳಿದೆ. ನಾನೇ ಕೊಳ್ಳಿ ಇಟ್ಟು ಬಂದೆ."

ಸುತ್ತ ಜೀರುಂಡೆ ಕಿರುಗುಡುತ್ತಿದ್ದವು.

"ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಹೇಗೆ ಹೇಳಬೇಕು ಅಂತ ಶಬ್ದ ಜೋಡಿಸ್ತಾ ಬಂದೆ. ಮನೆ ಬಾಗಿಲು ತೆಗೆದದ್ದು ಆ ಹುಡುಗಿ. ಕೈಯಲ್ಲಿ ಕಚ್ಚಿದ ಮಾವಿನಕಾಯಿ, ತುಟಿಗೆ ಉಪ್ಪುಖಾರ ಮೆತ್ತಿತ್ತು. ಹಿಂದೆ ಅಕ್ಕ ನಿಂತಿತ್ತು, ಬೋಳುತಲೆ, ಕೆಂಪು ಸೀರೆ. 'ಸಿಕ್ಕಿದ್ವಾ ಮಾವಯ್ಯಾ?' ಅಂತ ಹುಡುಗಿ ಕೇಳಿತು. ನಾನು ಒಬ್ಬರನ್ನು ನೋಡಿದೆ, ಇನ್ನೊಬ್ಬರನ್ನು ನೋಡಿದೆ. 'ಸಿಕ್ಕಿದ್ನಿಲ್ಲೆ' ಅಂದೆ. ಅಷ್ಟೇ. ಜೋಡಿಸಿದ ಶಬ್ದ ಎಲ್ಲ ಬಸ್ಸಿನಲ್ಲೇ ಉಳಿದುಹೋಯ್ತು."

"ಒಳ್ಳೇದೇ ಮಾಡೀರಲ್ರಿ ಸರ," ಎಂದೆ ನಾನು. ಹೃದಯದಿಂದಲೇ ಎಂದೆ. "ಒಂದು ಜೀವ ಉಳಿಸೀರಿ."

ಅವರು ನನ್ನ ಕಡೆ ತಿರುಗಿದರು. "ನಿಮಗೆ ಇದು ಬರೀ ಕಥೆ ಮಾರಾಯ್ರೇ. ನಾನು ನಂಬುವವ. ತ್ರಿಕಾಲ ಸಂಧ್ಯಾವಂದನೆ ಮಾಡುವವ. ಮಹಾಲಯ ಅಮಾಸೆಗೆ ಅಪ್ಪ, ಅಜ್ಜ, ಮುತ್ತಜ್ಜ, ಕಂಡೇ ಇರದ ಮಾವಂದಿರಿಗೂ ಹೆಸರು ಹಿಡಿದು ನೀರು ಬಿಡ್ತೇನೆ. ನನ್ನ ಮಗನಿಗೆ ಹದಿಮೂರು ದಿನದ ಕ್ರಿಯೆಯೂ ಮಾಡಲಿಲ್ಲ, ಅವನ ಹೆಸರು ಮಾತ್ರ ಹಾರಿಸ್ತೇನೆ. ಹೇಳಿದರೆ ಪಕ್ಕದಲ್ಲಿ ಕೂತ ಭಟ್ಟರಿಗೆ ತಿಳಿಯುತ್ತದೆ. ಭಟ್ಟರಿಗೆ ತಿಳಿದರೆ ಸಂಜೆಯೊಳಗೆ ಹುಡುಗಿಯ ಕುಂಕುಮ ಅಳಿಸ್ತಾರೆ, ಟ್ರೇನಿಂಗು ಗೀನಿಂಗು ಎಲ್ಲ ಮಣ್ಣುಪಾಲು. ಬದುಕಿದ್ದವರ ಕಡೆ ನಿಂತು ಸತ್ತವನನ್ನು ಬಿಟ್ಟೆ ನಾನು. ಅವನಿಗೆ ಬಾಯಾರಿಕೆ. ನಾನು ನೀರು ಎತ್ತಿದ ಕೂಡಲೇ ಬರ್ತಾನೆ. ಬಾಗಿಲಲ್ಲಿ ನಿಲ್ತಾನೆ. ಒಳಗೆ ಬರೋದಿಲ್ಲ, ಬೇಡೋದೂ ಇಲ್ಲ. ಸುಮ್ಮನೆ ನಾನು ಕುಡಿಯೋದನ್ನ ನೋಡ್ತಾನೆ."

ನಾನು ರಸ್ತೆಯ ಆಚೆ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ.

"ಕರೆದು ಮಾತಾಡಿಸಬಹುದು ಅಂತ ಪುಸ್ತಕದಲ್ಲಿ ಬರೀತಾರೆ," ಎಂದರು. "ಕರೆಯಲು ಹೋದವರಿಗೆ ಅಲ್ಲವೋ ಅದರ ಕಷ್ಟ ಗೊತ್ತಾಗೋದು."

ಯಾಕೆ ನನಗೆ ಹೇಳಿದಿರಿ ಎಂದು ಕೇಳಿದೆ. ತಮ್ಮವರಿಗೆ ಯಾರಿಗೆ ಹೇಳಿದರೂ ಧರ್ಮಕ್ಕೆ ಕಟ್ಟುಬಿದ್ದು ಕ್ರಿಯೆ ಮಾಡಿಸದೇ ಬಿಡುವುದಿಲ್ಲ ಎಂದರು. ನಾನು ಆ ಧರ್ಮದ ಹೊರಗಿನವನು. "ನಾನು ಹೋದ ಮೇಲೆ ಅವಳಿಗೆ ಹೇಳಿ. ಅಷ್ಟೊತ್ತಿಗೆ ತನ್ನ ಕಾಲ ಮೇಲೆ ತಾನು ನಿಂತಿರ್ತಾಳೆ, ಯಾರೂ ಏನೂ ಮಾಡಲಾಗದು. ಎಲೆ ಸುಡಿಸ್ತಾಳೋ, ಬಿಡ್ತಾಳೋ, ನನಗೆ ಶಾಪ ಹಾಕ್ತಾಳೋ, ಅವಳಿಗೆ ಬಿಟ್ಟದ್ದು. ಅವನನ್ನು ನಾನು ನಿಲ್ಲಿಸಿಟ್ಟಿದ್ದೇನೆ ಮಾಸ್ತರೇ. ಬಿಡಿಸುವವರು ಯಾರಾದರೂ ಬೇಕು."

ಬಸ್ಸು ರಿಪೇರಿಯಾಗಿ ನಾವು ಶಿರಸಿ ಮುಟ್ಟಿದೆವು. ಮರುದಿನ ಕ್ಲಾಸಿನಲ್ಲಿ ಮತ್ತೆ ಅದೇ ಎಕ್ಕಂಬಿ, ಅದೇ ನಗು. ನಾನು ಮಾತ್ರ ಮೊದಲಿನ ಹಾಗೆ ನಗಲಾರದೇ ಹೋದೆ. ನನ್ನ ಹೆಂಡತಿ, ಆಗಷ್ಟೇ ಮದುವೆಯಾಗಿ ಬಂದವಳು, ಒಂದು ದಿನ "ನೀರು ಕುಡಿಯೂಮುಂದ ಬಾಗಲಾ ಯಾಕ ನೋಡ್ತೀರಿ?" ಎಂದು ಕೇಳಿದಳು. ನಾನು ನೋಡುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಪ್ರೇತವಿಲ್ಲ ಎನ್ನುವ ಮನೆತನದಲ್ಲಿ ಹುಟ್ಟಿದವನು ನಾನು. ಆದರೂ ನೋಡುತ್ತಿದ್ದೆ.

ಸೊಸೆ ಟ್ರೇನಿಂಗು ಮುಗಿಸಿದಳು. ಯಲ್ಲಾಪುರದಲ್ಲಿ ಹೆಣ್ಣುಮಕ್ಕಳ ಶಾಲೆಗೆ ನೇಮಕವಾಯಿತು. ಅವಳು ಟ್ರಂಕು ಹಿಡಿದು ಬಸ್ಸು ಹತ್ತುವ ದಿನ ಸರ್ ಕೋಟಿನ ಗುಂಡಿ ಎಲ್ಲ ಹಾಕಿಕೊಂಡು ಸ್ಟ್ಯಾಂಡಿಗೆ ಬಂದು, ಗಂಡುಮಗನನ್ನು ಕಳಿಸುವವರ ಹಾಗೆ ಕಂಡಕ್ಟರನಿಗೆ ನಾಲ್ಕು ಸಲ ಹೇಳಿದರು. ಆ ದಿನದಷ್ಟು ಖುಷಿಯಲ್ಲಿ ಅವರನ್ನು ನಾನು ಕಾಣಲಿಲ್ಲ. ಮುಂದೆ ನನಗೂ ಯಲ್ಲಾಪುರದ ಹೈಸ್ಕೂಲಿಗೆ ವರ್ಗವಾಯಿತು. ಅಕ್ಕ ತೀರಿಕೊಂಡರು. ಸರ್ ನಿವೃತ್ತರಾಗಿ ಅದೇ ಮನೆಯಲ್ಲಿ ಒಬ್ಬರೇ ಇದ್ದರು. ರಜೆಯಲ್ಲಿ ಸೊಸೆ ಹೋಗಿ ಇದ್ದು ಬರುತ್ತಿದ್ದಳು.

ಕೊನೆಯ ಸಲ ನಾನು ನೋಡಿದಾಗ ಅವರು ಹಾಸಿಗೆ ಹಿಡಿದಿದ್ದರು. ಸೊಸೆ ಮಕ್ಕಳಿಗೆ ಹಾಲು ಕುಡಿಸುವ ಒಳ್ಳೆಯಲ್ಲಿ ನೀರು ಕುಡಿಸಲು ಬಂದರೆ ತುಟಿ ಬಿಗಿಹಿಡಿದು ತಲೆ ಆಚೆ ಹೊರಳಿಸುತ್ತಿದ್ದರು. ಡಾಕ್ಟರು ಜ್ವರದ ಸನ್ನಿ ಎಂದರು. ನನಗೆ ಗೊತ್ತಿತ್ತು. ಕಿವಿಯ ಹತ್ತಿರ ಬಗ್ಗಿ "ಹೇಳ್ತೀನ್ರಿ ಸರ, ತಪ್ಪಸೂದಿಲ್ಲ" ಎಂದೆ. ಆಮೇಲೆ ಎರಡು ಒಳ್ಳೆ ಕುಡಿದರು. ಎರಡು ದಿನಕ್ಕೆ ಹೋದರು. ಕ್ರಿಯೆಯನ್ನು ಅಣ್ಣನ ಮಗ ಮಾಡಿದ.

ಯಲ್ಲಾಪುರಕ್ಕೆ ಮರಳಿದ ಮೇಲೆ ಒಂದು ಸಂಜೆ ಹೆಂಡತಿಯನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಸ್ಲೇಟುಗಳ ರಾಶಿ ಮುಂದಿಟ್ಟುಕೊಂಡು ಮಕ್ಕಳ ಕಾಗುಣಿತ ತಿದ್ದುತ್ತಿದ್ದಳು. ಆಗ ಅವಳಿಗೆ ಮೂವತ್ತು ದಾಟಿ ಕೆಲ ವರ್ಷಗಳಾಗಿದ್ದವು. ಕಿವಿಯ ಹತ್ತಿರ ಒಂದೆರಡು ಬಿಳಿಕೂದಲು. ಮೋರಿಯ ಮೇಲೆ ಕೇಳಿದ್ದನ್ನು ಒಂದೂ ಬಿಡದೇ ಹೇಳಿದೆ. ಅವಳು ಅಳುತ್ತಾಳೆ, ಇಲ್ಲವೆ ರೇಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಸ್ಲೇಟನ್ನು ನಿಧಾನವಾಗಿ ಒರೆಸಿದಳು.

"ಆವತ್ತು ಮಾವಯ್ಯನ ಜನಿವಾರ ಹೊಸದಾಗಿತ್ತು," ಎಂದಳು. "ನೂಲಹುಣ್ಣಿಮೆ ಇನ್ನೂ ದೂರ ಇತ್ತು. ನಡುವೆ ಜನಿವಾರ ಬದಲಾಯಿಸೋದು ಸಾವಿನ ಮೈಲಿಗೆ ಆದಾಗ ಅಂತ ಹದಿನಾಲ್ಕು ವರ್ಷದ ಹುಡುಗಿಗೂ ಗೊತ್ತಿರ್ತದೆ ಮಾಸ್ತರ್ರೇ."

"ಮತ್ತ ಕೇಳಲಿಲ್ಲೇನವ್ವಾ?"

"ಕೇಳಿದ್ರೆ ಅವರು ಹೇಳಬೇಕಾಗ್ತಿತ್ತು." ಸ್ಲೇಟನ್ನು ಕೆಳಗಿಟ್ಟಳು. "ನೀರು ಕೇಳಿದ್ರಂತಾ?"

"ಹೌದವ್ವಾ."

"ಅದು ಮಾತ್ರ ಎಂಗೆ ಗೊತ್ತಿತ್ತಿಲ್ಲೆ," ಎಂದಳು. ನನಗೆ ಎನ್ನುವ ಬದಲು ಎಂಗೆ ಎಂದು ತನ್ನ ಮನೆಮಾತಿಗೆ ಜಾರಿದ್ದು ಅವಳ ಗಮನಕ್ಕೆ ಬರಲಿಲ್ಲ. ಆಗ ಅತ್ತಳು. ನನ್ನ ಹೆಂಡತಿ ಎದ್ದು ಹೋಗಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

ಭಟ್ಟರನ್ನು ಕರೆಸೋಣವೇ ಎಂದು ಕೇಳಿದೆ. ಬೇಡ ಎಂದಳು. ಭಟ್ಟರು ಬಂದರೆ ಮೊದಲು ನೋಡುವುದು ನನ್ನ ಹಣೆಯನ್ನು, ಇದಕ್ಕಾಗಿ ಮಾವಯ್ಯ ಸಾಯುವ ತನಕ ನೆಮ್ಮದಿಯಿಂದ ನೀರು ನುಂಗಲಿಲ್ಲ, ನಾನು ಅಳಿಸುವುದಿಲ್ಲ ಎಂದಳು. ಬರುವ ರವಿವಾರ ಸಹಸ್ರಲಿಂಗಕ್ಕೆ ಹೋಗುವ, ನೀವಿಬ್ಬರೂ ಬನ್ನಿ ಎಂದು ತಾನೇ ದಿನ ಗೊತ್ತುಮಾಡಿದಳು.

ಶಿರಸಿ ಬಸ್ಸಿನಲ್ಲಿ ಹೋಗಿ, ಇಳಿದು, ಹೊಳೆಗೆ ನಡೆದೆವು. ಮಾಗಿಯ ಬಿಸಿಲು, ಶಾಲ್ಮಲೆ ಇಳಿದಿದ್ದಳು. ಬಂಡೆ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು ನೀರಿನಿಂದ ಮೇಲೆ ಎದ್ದು ಕಾಣುತ್ತಿದ್ದವು. ನಾನೂ ಹೆಂಡತಿಯೂ ದಡದಲ್ಲಿ ಕೈಮುಗಿದು ನಿಂತೆವು. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಮೊಣಕಾಲು ನೀರಿಗೆ ಇಳಿದಳು. ಬೊಗಸೆ ತುಂಬಿಕೊಂಡಳು. ನಿಂತಳು. ನೀರು ಬೆರಳ ಸಂದಿಯಿಂದ ಸೋರಿ ಹೋಯಿತು. ಮತ್ತೆ ತುಂಬಿಕೊಂಡಳು, ಮತ್ತೆ ಸೋರಿತು.

"ಮಂತ್ರ ಬರ್ತಿಲ್ಲೆ ಎಂಗೆ," ಎಂದಳು ನಮ್ಮ ಕಡೆ ತಿರುಗಿ. ಹೆಂಗಸರಿಗೆ ಆ ಮಂತ್ರ ಯಾರೂ ಕಲಿಸಿದವರಿಲ್ಲ.

ನನಗೂ ಬರುವುದಿಲ್ಲ. ಏನು ಹೇಳಲಿ? ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಹೆಸರು ಹಿಡದು ಕರಿಯವ್ವಾ. ಅಷ್ಟು ಸಾಕು."

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವ ರೂಢಿ ಆ ಕಡೆಯೂ ಇಲ್ಲ, ನಮ್ಮ ಕಡೆಯೂ ಇಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಅವಳು ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತಳು. ಆಮೇಲೆ ಮೂರನೇ ಬೊಗಸೆ ಎತ್ತಿ, ಹೆಸರು ಹೇಳಿದಳು. ದೊಡ್ಡ ದನಿಯಲ್ಲಿ, ಆಚೆ ದಡಕ್ಕೆ ಕೇಳುವ ಹಾಗೆ. ಮದುವೆಯಾದ ಹೊಸತರಲ್ಲಿ ಅವನು ಅವಳಿಗಿಂತ ದೊಡ್ಡವನು. ಈಗ ಅವಳಿಗೆ ಕೂದಲು ಬೆಳ್ಳಗಾಗತೊಡಗಿತ್ತು, ಅವನಿಗೆ ಇನ್ನೂ ಇಪ್ಪತ್ತು. ಶಾಲೆಯ ಮಕ್ಕಳನ್ನು ಕರೆದ ಹಾಗೆ, ತನ್ನ ಬೆನ್ನಿಗೆ ಬಿದ್ದ ತಮ್ಮನನ್ನು ಕರೆದ ಹಾಗೆ ಕರೆದಳು.

"ಬಾರಾ ತಮಾ, ನೀರು ಕುಡಿ. ಹೆದರಡ, ಯಾರೂ ಬೇಡ ಹೇಳ್ತ್ವಿಲ್ಲೆ. ಹೊಟ್ಟೆ ತುಂಬ ಕುಡಿ. ಕುಡ್ದು, ಅಪ್ಪನ ಒಟ್ಟಿಗೆ ಹೋಗು. ಆನು ಈಗ ಚೊಲೋ ಇದ್ದೆ."